ಕುಡಿತ ಬಿಡುವವನಿಗೂ ಒಂದು ವಿಳಾಸ ಬೇಕು

ರಾಜ್ಯದ ಆಯವ್ಯಯದ ಪುಸ್ತಕಗಳನ್ನು ತಿರುವಿಹಾಕುವುದು ಸೇವೆಯಲ್ಲಿದ್ದಾಗ ನನಗೆ ಅಂಟಿಕೊಂಡ ಅಭ್ಯಾಸ. ನಿವೃತ್ತಿಯ ನಂತರವೂ ಅದು ಬಿಟ್ಟಿಲ್ಲ. 2024-25ರ ಸಾಲಿಗೆ ಅಬಕಾರಿ ಬಾಬಿನಲ್ಲಿ 38,525 ಕೋಟಿ ರೂಪಾಯಿ ಸಂಗ್ರಹಿಸುವ ಗುರಿಯನ್ನು ಸರ್ಕಾರ ಇಟ್ಟುಕೊಂಡಿತ್ತು. 2025-26ಕ್ಕೆ ಆ ಗುರಿ 40,000 ಕೋಟಿ ರೂಪಾಯಿಗೆ ಏರಿತು. ಇದು ಕೇವಲ ತೆರಿಗೆ ವಸೂಲಿಯ ಲೆಕ್ಕವೂ ಅಲ್ಲ. 2003ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಪಾನೀಯ ನಿಗಮದ ಮೂಲಕ ಮದ್ಯದ ಸಗಟು ವ್ಯಾಪಾರವನ್ನು ಸರ್ಕಾರವೇ ನಡೆಸುತ್ತದೆ. ಎಂಎಸ್‌ಐಎಲ್ ಹೆಸರಿನಲ್ಲಿ ಚಿಲ್ಲರೆ ಮಳಿಗೆಗಳನ್ನೂ ತೆರೆದಿದೆ. ಯಾವ ಬೀದಿಯ ಯಾವ ತಿರುವಿನಲ್ಲಿ ಯಾವ ಸನ್ನದು ಇದೆ, ಅಲ್ಲಿಗೆ ಕಳೆದ ತಿಂಗಳು ಎಷ್ಟು ಪೆಟ್ಟಿಗೆ ಸಾಗಿತು ಎಂಬುದು ಅಬಕಾರಿ ಇಲಾಖೆಗೆ ಕರತಲಾಮಲಕ.

ನಾನು ಪಾನನಿಷೇಧದ ಪರವಾಗಿ ವಾದಿಸಲು ಈ ಲೇಖನ ಬರೆಯುತ್ತಿಲ್ಲ. ಸಂವಿಧಾನದ 47ನೇ ವಿಧಿ ಪಾನನಿಷೇಧವನ್ನು ರಾಜ್ಯಗಳ ಆದರ್ಶವೆಂದು ಸಾರಿದ್ದರೂ ನಿಷೇಧದ ಆಡಳಿತ ಎಷ್ಟು ಕಷ್ಟ ಎಂಬುದನ್ನು ಬಲ್ಲೆ. 2007ರ ಜುಲೈ 1ರಿಂದ ನಮ್ಮಲ್ಲಿ ಸಾರಾಯಿ ನಿಂತಿತು. ಸಾರಾಯಿ ಕುಡಿಯುತ್ತಿದ್ದವರಲ್ಲಿ ಬಹುಮಂದಿ ಅಗ್ಗದ ಬ್ರಾಂದಿ, ವಿಸ್ಕಿಯ ಕಡೆಗೆ ಹೊರಳಿದರು. ನನ್ನ ಪ್ರಶ್ನೆ ಅದಕ್ಕಿಂತ ಚಿಕ್ಕದು. ಕುಡಿತದಿಂದ ಹೊರಬರಲು ತಾನಾಗಿ ನಿರ್ಧರಿಸಿದ ಒಬ್ಬ ಮನುಷ್ಯ ಆ ಸಂಜೆ ಎಲ್ಲಿಗೆ ಹೋಗಬೇಕು?

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಅವರಲ್ಲಿ 5.7 ಕೋಟಿ ಜನರಿಗೆ ಮದ್ಯದ ತೊಂದರೆಗಾಗಿ ಒಂದಲ್ಲ ಒಂದು ಬಗೆಯ ನೆರವು ಬೇಕು. ಆ ವರದಿಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೊಂದು ಅಂಕಿ. ಮದ್ಯಕ್ಕೆ ಪೂರ್ಣ ದಾಸರಾದ ಪ್ರತಿ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದೋ ಒಂದು ಚಿಕಿತ್ಸೆ ದೊರೆತಿದೆ. ಆಸ್ಪತ್ರೆಗೆ ದಾಖಲಾಗಿ ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು. ನಾಚಿಕೆ, ಬಡತನ, ಮನೆಯವರ ಅಸಹಾಯಕತೆ ಇವೆಲ್ಲ ಕಾರಣಗಳೇ. ಆದರೆ ಅರ್ಥಶಾಸ್ತ್ರ ಓದಿದವರು ಮೊದಲು ಕೇಳುವ ಪ್ರಶ್ನೆಯೊಂದಿದೆ: ಬೇಕಾದ ವಸ್ತು ಎಲ್ಲಿ ಸಿಗುತ್ತದೆಂಬ ಮಾಹಿತಿ ಬೇಕಾದವನ ಕೈಗೆ ತಲುಪಿದೆಯೇ? ತಲುಪಿಲ್ಲ ಎಂಬುದನ್ನು ನಾನು ಈಚೆಗೆ ಸ್ವತಃ ಕಂಡೆ.

ನನ್ನ ತಂಗಿಯ ಮಗ, ನಲವತ್ತರ ಹತ್ತಿರದವನು, ಒಳ್ಳೆಯ ಉದ್ಯೋಗದಲ್ಲಿದ್ದವನು, ಕುಡಿತದಿಂದಾಗಿ ನಗರದ ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಬೇಕಾಯಿತು. (ಅವನ ಅನುಮತಿ ಪಡೆದೇ ಇದನ್ನು ಬರೆಯುತ್ತಿದ್ದೇನೆ.) ಹತ್ತು ದಿನ ಅಲ್ಲಿನ ವೈದ್ಯರು ಅವನನ್ನು ಚೆನ್ನಾಗಿಯೇ ನೋಡಿಕೊಂಡರು. ವರ್ಷಗಟ್ಟಲೆ ಮಿತಿಮೀರಿ ಕುಡಿದವರು ಏಕಾಏಕಿ ನಿಲ್ಲಿಸಿದರೆ ಕೈ ನಡುಗುತ್ತದೆ, ನಿದ್ದೆ ಹಾರುತ್ತದೆ; ಕೆಲವರಿಗೆ ಮೊದಲ ಎರಡು ದಿನಗಳಲ್ಲೇ ಅಪಸ್ಮಾರದಂತಹ ಸೆಳವು ಬರುತ್ತದೆ; ಎರಡರಿಂದ ನಾಲ್ಕು ದಿನಗಳೊಳಗೆ ಭ್ರಮೆ, ಸನ್ನಿ ಕಾಣಿಸಿಕೊಂಡು ಪ್ರಾಣಕ್ಕೂ ಕುತ್ತು ಬರಬಹುದು. ‘ಮನಸ್ಸು ಗಟ್ಟಿ ಮಾಡಿ ನಾಳೆಯಿಂದ ಬಿಟ್ಟುಬಿಡು’ ಎಂದು ಹಿರಿಯರು ಕೊಡುವ ಸಲಹೆ ಇಂಥವರ ಪಾಲಿಗೆ ಅಪಾಯಕಾರಿ. ಮೊದಲ ಹಂತ ವೈದ್ಯರ ಕೈಯಲ್ಲೇ ಆಗಬೇಕು. ಈ ಮಾತನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಮುಂದೆ ನಾನು ಹೇಳಲಿರುವ ಸಭೆಗಳು ಔಷಧೋಪಚಾರಕ್ಕೆ ಬದಲಿಯಲ್ಲ.

ಬಿಡುಗಡೆಯ ದಿನ ಕೊಟ್ಟ ಚೀಟಿಯಲ್ಲಿ ಐದು ಮಾತ್ರೆಗಳ ಹೆಸರಿತ್ತು. ಕೊನೆಯಲ್ಲಿ ‘ಮದ್ಯ ವರ್ಜಿಸಿ’ ಎಂದಿತ್ತು. ಕಾರಿನಲ್ಲಿ ಕೂತ ಅವನು ಕೇಳಿದ: ‘ಮಾವ, ಮಾತ್ರೆ ನುಂಗ್ತೀನಿ, ಸರಿ. ಸಂಜೆ ಏಳು ಗಂಟೆಗೆ ನಾನೇನು ಮಾಡ್ಲಿ?’

ಹದಿನೈದು ವರ್ಷ ಪ್ರತಿ ಸಂಜೆ ಏಳಕ್ಕೆ ಒಂದೇ ಕೆಲಸ ಮಾಡಿದವನ ಪ್ರಶ್ನೆ ಅದು. ಅವನ ಸ್ನೇಹಿತರು, ಅವನ ಹೋಟೆಲು, ಮನೆಗೆ ಬರುವ ದಾರಿ ಎಲ್ಲವೂ ಆ ಗಂಟೆಯ ಸುತ್ತ ರೂಪುಗೊಂಡಿದ್ದವು. ಆಸ್ಪತ್ರೆ ಅವನ ರಕ್ತದಿಂದ ಮದ್ಯವನ್ನು ತೆಗೆದಿತ್ತು. ಸಂಜೆಯನ್ನು ಹಾಗೆಯೇ ಬಿಟ್ಟಿತ್ತು.

ಉತ್ತರ ಹುಡುಕುತ್ತ ಹೊರಟವನಿಗೆ ಮೊದಲು ಎದುರಾಗುವುದೇನು? ಬಸ್ ನಿಲ್ದಾಣದ ಗೋಡೆಗಳ ಮೇಲೆ, ವಿದ್ಯುತ್ ಕಂಬಗಳ ಮೇಲೆ, ಕೆಲವೊಮ್ಮೆ ಪತ್ರಿಕೆಗಳ ಕಿರು ಜಾಹೀರಾತುಗಳಲ್ಲಿ, ‘ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಲಾಗುವುದು’ ಎಂಬ ಭರವಸೆ. ಊಟದಲ್ಲಿ ಬೆರೆಸುವ ಪುಡಿ ಅದು. ಅದರಲ್ಲಿ ಏನಿದೆ ಎಂದು ಕೊಳ್ಳುವವರು ಕೇಳುವುದಿಲ್ಲ, ಮಾರುವವರು ಹೇಳುವುದಿಲ್ಲ. ಡೈಸಲ್ಫಿರಾಂ ಎಂಬ ಔಷಧವಿದೆ. ಅದನ್ನು ಸೇವಿಸಿದವನು ಮೇಲೆ ಮದ್ಯ ಕುಡಿದರೆ ತೀವ್ರ ವಾಂತಿ, ಎದೆಬಡಿತ, ರಕ್ತದೊತ್ತಡ ಕುಸಿತ ಉಂಟಾಗುತ್ತದೆ. ವೈದ್ಯರು ಅದನ್ನು ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದೇ ಕೊಡುತ್ತಾರೆ. ಅಂಥದ್ದನ್ನು ಕದ್ದು ಸಾರಿನಲ್ಲಿ ಬೆರೆಸುವುದು ಎಷ್ಟು ಪ್ರೀತಿಯಿಂದ ಮಾಡಿದರೂ ವಿಷಪ್ರಾಶನಕ್ಕೆ ಸಮೀಪವಾದ ಕೃತ್ಯ. ನನ್ನ ತಂಗಿಯೂ ಒಂದು ಪೊಟ್ಟಣ ತರಿಸಿಟ್ಟಿದ್ದಳು.

ಎರಡನೆಯದಾಗಿ ಎದುರಾಗುವುವು ತಿಂಗಳುಗಟ್ಟಲೆ ಒಳಗಿಡುವ ಕೇಂದ್ರಗಳು. ಅವುಗಳಲ್ಲಿ ಒಳ್ಳೆಯವೂ ಇವೆ. ಆದರೆ ನಾನು ವಿಚಾರಿಸಿದ ಒಂದೆಡೆ, ‘ವಿಳಾಸ ಕೊಡಿ, ನಮ್ಮ ಹುಡುಗರೇ ಬಂದು ಎತ್ತಿಕೊಂಡು ಹೋಗುತ್ತಾರೆ’ ಎಂದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕವಸ್ತುಗಳಿಂದಾಗುವ ಮನೋವಿಕಾರಗಳನ್ನೂ ಮಾನಸಿಕ ಕಾಯಿಲೆಯ ವ್ಯಾಪ್ತಿಗೆ ತಂದಿದೆ. ಇಚ್ಛೆಗೆ ವಿರುದ್ಧವಾಗಿ ದಾಖಲಿಸಿಕೊಳ್ಳಲು ಕಟ್ಟುಪಾಡುಗಳನ್ನು ವಿಧಿಸಿದೆ. ಆ ದೂರವಾಣಿ ಕರೆಯಲ್ಲಿ ಮಾತಾಡಿದವರಿಗೆ ಅದರ ಗಂಧವಿದ್ದಂತೆ ತೋರಲಿಲ್ಲ.

ಅಂತರ್ಜಾಲದಲ್ಲಿ ಸಭೆಗಳ ಪಟ್ಟಿ ಸಿಗುವುದಿಲ್ಲವೇ ಎಂದು ಓದುಗರು ಕೇಳಬಹುದು. ಸಿಗುತ್ತದೆ. ಆದರೆ ಪಟ್ಟಿಯೊಂದರಲ್ಲಿದ್ದ ವಿಳಾಸ ಹಿಡಿದು ನಾವಿಬ್ಬರೂ ಹೋದಾಗ ಅಲ್ಲಿ ಬೀಗ ಜಡಿದಿತ್ತು. ಕಾವಲುಗಾರನಿಗೆ ಏನೂ ಗೊತ್ತಿರಲಿಲ್ಲ. ಎರಡು ಫರ್ಲಾಂಗು ದೂರದ ಬಾರಿನ ದೀಪ ಮಾತ್ರ ಝಗಝಗಿಸುತ್ತಿತ್ತು. ಇಂಗ್ಲಿಷ್ ಬಲ್ಲ, ಕಾರು ಉಳ್ಳ, ನಿವೃತ್ತ ಮಾವನೊಬ್ಬನ ಬಿಡುವೂ ದೊರೆತ ಮನುಷ್ಯನ ಪಾಡು ಇದಾದರೆ ಗಾರೆ ಕೆಲಸದವನ, ಆಟೊ ಓಡಿಸುವವನ ಪಾಡೇನು?

ಕೊನೆಗೆ ದಾರಿ ತೋರಿಸಿದವರು ನಮ್ಮ ಇಲಾಖೆಯಲ್ಲಿ ಚಾಲಕರಾಗಿದ್ದ ಒಬ್ಬರು. ಮಗಳ ಮದುವೆಯ ಕರೆಯೋಲೆ ಕೊಡಲು ಬಂದಿದ್ದರು. ಮಾತಿನ ನಡುವೆ ವಿಷಯ ಬಂತು. ‘ಸಾರ್, ನಾನು ಹನ್ನೊಂದು ವರ್ಷದಿಂದ ಹೋಗ್ತಾ ಇದ್ದೀನಲ್ಲ’ ಎಂದರು. ಅವರ ಸೇವಾ ಪುಸ್ತಕವನ್ನು ನಾನು ಹಲವು ಬಾರಿ ನೋಡಿದ್ದೆ. ಅವರ ಬದುಕಿನ ಈ ದೊಡ್ಡ ಸಂಗತಿ ಅದರಲ್ಲಿ ಎಲ್ಲಿಯೂ ಇರಲಿಲ್ಲ, ಇರಬೇಕಾದುದೂ ಅಲ್ಲ.

ಅವರು ಹೇಳಿದ್ದು ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ, ಎಂಬ ಬಳಗದ ಬಗ್ಗೆ. ಅದರ ಹುಟ್ಟಿನ ಕಥೆಯೇ ಒಂದು ಹುಡುಕಾಟದ ಕಥೆ. 1935ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರದ ಮನುಷ್ಯ ಓಹಾಯೊ ರಾಜ್ಯದ ಆಕ್ರನ್ ಪಟ್ಟಣಕ್ಕೆ ಹೋಗಿದ್ದ. ಕುಡಿತ ಬಿಟ್ಟು ಕೆಲವು ತಿಂಗಳಾಗಿತ್ತಷ್ಟೆ. ಹೋದ ವ್ಯವಹಾರ ಕೆಟ್ಟಿತು. ಹೋಟೆಲಿನ ಪಡಸಾಲೆಯಲ್ಲಿ ಒಬ್ಬನೇ ನಿಂತಿದ್ದಾಗ ಒಂದು ಬದಿಗೆ ಬಾರಿನ ಗಲಗಲ, ಇನ್ನೊಂದು ಬದಿಗೆ ದೂರವಾಣಿ. ಅವನು ದೂರವಾಣಿ ಎತ್ತಿ, ಊರಿನ ಚರ್ಚುಗಳಿಗೆ ಕರೆ ಮಾಡಿ, ತನ್ನಂತಹ ಇನ್ನೊಬ್ಬ ಕುಡುಕನೊಡನೆ ಮಾತಾಡಬೇಕೆಂದು ಕೇಳಿದ. ಕರೆಯಿಂದ ಕರೆಗೆ ಸಾಗಿ ಕೊನೆಗೆ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯನ ಭೇಟಿಯಾಯಿತು. ಕಾಲು ಗಂಟೆ ಮಾತ್ರ ಎಂದು ಬಂದ ಆ ವೈದ್ಯ ಹಲವು ಗಂಟೆ ಕೂತ. ಅವನು ಕೊನೆಯ ಬಾರಿ ಕುಡಿದನೆನ್ನಲಾದ ಜೂನ್ 10ನ್ನೇ ಬಳಗದ ಹುಟ್ಟಿದ ದಿನವೆಂದು ಎಣಿಸುತ್ತಾರೆ. ವಿಲ್ಸನ್ ಆ ದಿನ ಹುಡುಕಿದ್ದು ತನಗೆ ಬುದ್ಧಿ ಹೇಳುವವನನ್ನಲ್ಲ, ತಾನು ಮಾತಾಡಬೇಕಾದವನನ್ನು. ಇನ್ನೊಬ್ಬನಿಗೆ ನೆರವಾಗುವುದರಿಂದಲೇ ತಾನು ಉಳಿಯುತ್ತೇನೆ ಎಂಬ ಈ ವಿಚಿತ್ರ ವಿನಿಮಯಕ್ಕೆ ನಾನು ಓದಿದ ಅರ್ಥಶಾಸ್ತ್ರದ ಪಠ್ಯಗಳಲ್ಲಿ ಸುಲಭವಾದ ಸ್ಥಾನವಿಲ್ಲ.

ಎಎ ಸಭೆಗಳಲ್ಲಿ ಎರಡು ಬಗೆ. ಮುಚ್ಚಿದ ಸಭೆಗೆ ಕುಡಿತದ ತೊಂದರೆ ಇರುವವರಿಗೆ ಮಾತ್ರ ಪ್ರವೇಶ. ಮುಕ್ತ ಸಭೆಗೆ ಯಾರೂ ಹೋಗಬಹುದು. ನಾನು ಸೋದರಳಿಯನ ಜೊತೆ ಹೋದದ್ದು ಮುಕ್ತ ಸಭೆಗೆ. ಚರ್ಚ್ ಆವರಣದ ಶಾಲೆಯೊಂದರ ಕೊಠಡಿ. ಗೋಡೆಯ ಮೇಲೆ ಮಕ್ಕಳು ಬರೆದ ಸೌರಮಂಡಲದ ಚಿತ್ರ. ಚಿಕ್ಕ ಮಕ್ಕಳ ಬೆಂಚುಗಳಲ್ಲಿ ಮಂಡಿ ಮಡಚಿ ಕೂತ ಇಪ್ಪತ್ತೈದು ದೊಡ್ಡವರು. ನಾನು ಸೇವಾವಧಿಯಲ್ಲಿ ಹಾಜರಾದ ಸಭೆಗಳಿಗೆ ಲೆಕ್ಕವಿಲ್ಲ. ಆದರೆ ಅಧ್ಯಕ್ಷತೆ, ಮುಖ್ಯ ಅತಿಥಿ, ಹಾರ-ತುರಾಯಿ, ವಂದನಾರ್ಪಣೆ ಯಾವುದೂ ಇಲ್ಲದ, ಆದರೂ ಗೊತ್ತಾದ ಗಳಿಗೆಗೆ ಆರಂಭವಾಗಿ ಗೊತ್ತಾದ ಗಳಿಗೆಗೆ ಮುಗಿದ ಸಭೆಯನ್ನು ಅಲ್ಲಿಯೇ ಮೊದಲು ಕಂಡದ್ದು.

ಒಬ್ಬೊಬ್ಬರಾಗಿ ಹೆಸರು ಹೇಳಿ, ತಾನು ಮದ್ಯವ್ಯಸನಿ ಎಂದು ಹೇಳಿ, ತಮ್ಮ ಅನುಭವ ಹೇಳಿಕೊಂಡರು. ಕನ್ನಡ, ತಮಿಳು, ಇಂಗ್ಲಿಷ್ ಕಲಸಿದ ಬೆಂಗಳೂರಿನ ಭಾಷೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕುವಂತಿಲ್ಲ; ಮುಗಿದ ಮೇಲೂ ಉಪದೇಶವಿಲ್ಲ, ಟೀಕೆಯಿಲ್ಲ. ಮಗಳ ಶಾಲೆಯ ಶುಲ್ಕವನ್ನು ಬಾರಿನಲ್ಲಿ ಕಟ್ಟಿದೆ ಎಂದರು ಒಬ್ಬರು. ತಂದೆಯ ತಿಥಿಯ ದಿನ ಪುರೋಹಿತರನ್ನು ಕಾಯಿಸಿದೆ ಎಂದರು ಇನ್ನೊಬ್ಬರು. ಯಾರೂ ಲೊಚಗುಟ್ಟಲಿಲ್ಲ. ಅಚ್ಚರಿಯೆಂದರೆ, ಸಾಕಷ್ಟು ನಗುವೂ ಇತ್ತು. ಅಡಗಿಸಿಟ್ಟ ಬಾಟಲಿಯನ್ನು ಎಲ್ಲಿ ಅಡಗಿಸಿದೆನೆಂದು ತಾನೇ ಮರೆತವನ ಕಥೆಗೆ ಇಡೀ ಕೊಠಡಿ ನಕ್ಕಿತು, ಏಕೆಂದರೆ ಎಲ್ಲರೂ ಅದನ್ನು ಮಾಡಿದ್ದವರೇ. ಜೀವನಪೂರ್ತಿ ಕುಡಿಯುವುದಿಲ್ಲ ಎಂಬ ಪ್ರತಿಜ್ಞೆಯನ್ನು ಅಲ್ಲಿ ಯಾರಿಂದಲೂ ಮಾಡಿಸುವುದಿಲ್ಲ. ಇವತ್ತೊಂದು ದಿನ ಮಾತ್ರ. ನಾಳೆಯದು ನಾಳೆಗೆ. ದೇವರ ಮುಂದೆ ಆಣೆ ಮಾಡಿಸಿ, ಆಣೆ ಮುರಿದಾಗ ಅವನನ್ನು ಇನ್ನಷ್ಟು ಕೀಳಾಗಿ ಕಾಣುವ ನಮ್ಮ ಮನೆಗಳ ಪದ್ಧತಿಗಿಂತ ಇದು ಎಷ್ಟೋ ವಿವೇಕದ ಮಾರ್ಗ.

ಅನಾಮಧೇಯತೆಯ ನಿಯಮಕ್ಕೆ ನಮ್ಮ ಸಮಾಜದಲ್ಲಿ ಅಮೆರಿಕದಲ್ಲಿಲ್ಲದ ಒಂದು ಅರ್ಥ ಬಂದಿದೆ. ಇಲ್ಲಿ ಪೂರ್ತಿ ಹೆಸರು ಹೇಳಿದರೆ ಜಾತಿ ಹೇಳಿದಂತೆ, ಊರು ಹೇಳಿದರೆ ನೆಂಟಸ್ತಿಕೆ ತೆಗೆದಂತೆ. ಆ ಕೊಠಡಿಯಲ್ಲಿ ಮೊದಲ ಹೆಸರು ಮಾತ್ರ. ನಮ್ಮ ಚಾಲಕರು ಹನ್ನೊಂದು ವರ್ಷದ ಹಿರಿಯರು. ಎಂಜಿನಿಯರಿಂಗ್ ಪದವೀಧರನಾದ ನನ್ನ ಸೋದರಳಿಯ ಹದಿನಾಲ್ಕು ದಿನದ ಕಿರಿಯ. ಚಹಾ ತಂದುಕೊಟ್ಟವನು ಅವನು. ‘ಗುರುವಾರ ಬರ್ತೀಯಲ್ಲಪ್ಪಾ? ಬರೋಕೆ ಮುಂಚೆ ಮನಸ್ಸು ಕೆಟ್ರೆ ಫೋನ್ ಮಾಡು, ರಾತ್ರಿ ಎರಡು ಗಂಟೆ ಆದ್ರೂ ಪರವಾಗಿಲ್ಲ’ ಎಂದು ಚಾಲಕರು ಅವನ ಕೈಗೆ ತಮ್ಮ ನಂಬರು ಬರೆದ ಚೀಟಿ ಇಟ್ಟರು. ಐದು ಮಾತ್ರೆಗಳ ಚೀಟಿಯಲ್ಲಿ ಇಲ್ಲದಿದ್ದದ್ದು ಅದೇ.

ಇದೆಲ್ಲ ಭಾವನಾತ್ಮಕ ಸಾಕ್ಷ್ಯ, ಇದರಿಂದ ನಿಜವಾಗಿ ಫಲವಿದೆಯೇ ಎಂಬ ಪ್ರಶ್ನೆ ನನಗೂ ಇತ್ತು. 2006ರಲ್ಲಿ ಕಾಕ್ರೇನ್ ಸಂಸ್ಥೆ ಅಂದಿನ ಅಧ್ಯಯನಗಳನ್ನು ಒರೆಗೆ ಹಚ್ಚಿ, ಖಚಿತ ಪುರಾವೆ ಇಲ್ಲವೆಂದಿತ್ತು. 2020ರಲ್ಲಿ ಅದೇ ಸಂಸ್ಥೆ 27 ಅಧ್ಯಯನಗಳನ್ನು, ಹತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಮತ್ತೆ ಪರಿಶೀಲಿಸಿತು. ಎಎ ಸಭೆಗಳಿಗೂ ಅವುಗಳತ್ತ ರೋಗಿಯನ್ನು ಕ್ರಮಬದ್ಧವಾಗಿ ಕರೆದೊಯ್ಯುವ ಚಿಕಿತ್ಸೆಗೂ ಸಂಬಂಧಿಸಿ ಅದು ಕಂಡುಕೊಂಡದ್ದು: ಪೂರ್ಣವಾಗಿ ಮದ್ಯ ಬಿಟ್ಟು ಉಳಿಯುವ ವಿಷಯದಲ್ಲಿ ಈ ಮಾರ್ಗ ಇತರ ಮನಶ್ಶಾಸ್ತ್ರೀಯ ಚಿಕಿತ್ಸೆಗಳಿಗಿಂತ ಮೇಲು, ಆರೋಗ್ಯ ವೆಚ್ಚವನ್ನೂ ತಗ್ಗಿಸಬಹುದು. ‘ಕ್ರಮಬದ್ಧವಾಗಿ ಕರೆದೊಯ್ಯುವ’ ಎಂಬ ಮಾತನ್ನು ಗಮನಿಸಬೇಕು. ರೋಗಿಗೆ ‘ಎಎಗೆ ಹೋಗಿ’ ಎಂದಷ್ಟೇ ಹೇಳುವುದಕ್ಕೂ, ಯಾವ ಸಭೆ, ಯಾವ ದಿನ, ಯಾರ ಜೊತೆ ಎಂದು ಗೊತ್ತುಮಾಡಿ ಕಳಿಸುವುದಕ್ಕೂ ವ್ಯತ್ಯಾಸವಿದೆ.

1988ರಲ್ಲಿ ಗ್ಯಾರಿ ಬೆಕರ್ ಮತ್ತು ಕೆವಿನ್ ಮರ್ಫಿ ವ್ಯಸನವನ್ನು ವಿವೇಚನಾಯುತ ಆಯ್ಕೆಯೆಂದು ಗಣಿತದಲ್ಲಿ ತೋರಿಸಿ ಪ್ರಸಿದ್ಧ ಪ್ರಬಂಧ ಬರೆದರು. ಥಾಮಸ್ ಶೆಲ್ಲಿಂಗ್ ಎಂಬ ಮತ್ತೊಬ್ಬ ಅರ್ಥಶಾಸ್ತ್ರಜ್ಞರು ಮನುಷ್ಯನೊಳಗೆ ಇಬ್ಬರು ಜಗಳವಾಡುತ್ತಿರುತ್ತಾರೆ, ಬೆಳಗಿನವನು ಸಂಜೆಯವನನ್ನು ಕಟ್ಟಿಹಾಕಲು ಉಪಾಯ ಹುಡುಕುತ್ತಿರುತ್ತಾನೆ ಎಂಬ ದಿಕ್ಕಿನಲ್ಲಿ ಯೋಚಿಸಿದರು. ಆ ಶಾಲಾ ಕೊಠಡಿಯಲ್ಲಿ ಕೂತಾಗ ನನಗೆ ಶೆಲ್ಲಿಂಗರೇ ಹೆಚ್ಚು ನೆನಪಾದರು.

ದೋಷಗಳಿಲ್ಲವೆಂದಲ್ಲ. ಬಳಗದ ಹನ್ನೆರಡು ಹೆಜ್ಜೆಗಳಲ್ಲಿ ದೇವರ ಮಾತು ಪದೇ ಪದೇ ಬರುತ್ತದೆ. ಅವರವರು ತಿಳಿದಂತಹ ದೇವರು ಎಂದು ಸೇರಿಸಿದ್ದರೂ ನಾಸ್ತಿಕರಿಗೆ ಇರುಸುಮುರುಸಾಗುವುದು ಸಹಜ. ಎರಡು ಬಾರಿ ಬಂದು ಮೂರನೆಯ ಬಾರಿ ಬಾರದವರು ಎಲ್ಲೆಡೆ ಇರುತ್ತಾರೆ. ನಾನು ಕಂಡ ಸಭೆಯಲ್ಲಿ ಹೆಂಗಸರು ಇಬ್ಬರೇ. ಹೆಣ್ಣು ಕುಡಿಯುತ್ತಾಳೆಂದರೆ ನಾವು ಇಡುವ ಹೆಸರುಗಳನ್ನು ನೆನೆದರೆ ಆ ಇಬ್ಬರು ಬಂದದ್ದೇ ದೊಡ್ಡದು. ಮನೆಯವರಿಗಾಗಿ 1951ರಲ್ಲಿ ವಿಲ್ಸನ್ನನ ಹೆಂಡತಿ ಲೋಯಿಸ್ ಮತ್ತು ಆಕೆಯ ಗೆಳತಿ ಆರಂಭಿಸಿದ ಅಲ್-ಅನಾನ್ ಎಂಬ ಪ್ರತ್ಯೇಕ ಬಳಗವಿದೆ. ನನ್ನ ತಂಗಿ ಈಗ ಅದಕ್ಕೆ ಹೋಗುತ್ತಾಳೆ. ಪೊಟ್ಟಣ ಕಸದ ಬುಟ್ಟಿಗೆ ಹೋಯಿತು.

ನಗರದಾಚೆ ಬೇರೆ ಮಾದರಿಯೂ ಇದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ಹಳ್ಳಿಗಳಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳು ಮುಗಿದ ಮೇಲೆ ಕುಡಿತ ಬಿಟ್ಟವರೇ ಸೇರಿ ನವಜೀವನ ಸಮಿತಿಗಳನ್ನು ಕಟ್ಟಿಕೊಳ್ಳುತ್ತಾರೆ. ಅಲ್ಲಿ ಅನಾಮಧೇಯತೆಯಿಲ್ಲ, ಊರಿಗೆ ಊರೇ ಸಾಕ್ಷಿ. ಎಲ್ಲರೂ ಎಲ್ಲರನ್ನೂ ಬಲ್ಲ ಹಳ್ಳಿಗೆ ಅದು ಹೊಂದಬಹುದು. ನೆರೆಮನೆಯವನ ಹೆಸರೂ ತಿಳಿಯದ ನಗರಕ್ಕೆ ಇದು ಹೊಂದುತ್ತದೆ. ಎರಡರಲ್ಲೂ ತಿರುಳು ಒಂದೇ: ಶಿಬಿರದ ಅಥವಾ ಆಸ್ಪತ್ರೆಯ ಮರುದಿನ ಜೊತೆಗಾರರು ಬೇಕು.

ಇನ್ನು ಸರ್ಕಾರದ ಪಾತ್ರ. ಇಂಥ ಲೇಖನಗಳು ಸಾಮಾನ್ಯವಾಗಿ ಹೊಸ ಯೋಜನೆಯೊಂದನ್ನು ಕೇಳುತ್ತವೆ. ದಯವಿಟ್ಟು ಬೇಡ ಎನ್ನುತ್ತೇನೆ. ಯೋಜನೆಯೆಂದರೆ ನೋಡಲ್ ಅಧಿಕಾರಿ, ಗುರಿ, ಪ್ರಗತಿ ಪರಿಶೀಲನೆ, ಫಲಾನುಭವಿಗಳ ಪಟ್ಟಿ. ಪಟ್ಟಿ ಬಂದ ಗಳಿಗೆಯೇ ಅನಾಮಧೇಯತೆ ಸತ್ತಿತು. ಎಎ ಬಳಗವಂತೂ ಹೊರಗಿನವರಿಂದ ಹಣ ತೆಗೆದುಕೊಳ್ಳುವುದಿಲ್ಲ. ಜೋಳಿಗೆ ಸುತ್ತು ಬಂದಾಗ ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿದ ನನ್ನನ್ನು ಪಕ್ಕದವರು ‘ನೀವು ಹಾಕಬೇಡಿ’ ಎಂದು ತಡೆದರು. ನಮ್ಮಲ್ಲಿ ಮದ್ಯಪಾನ ಸಂಯಮ ಮಂಡಳಿ ಎಂಬುದೊಂದು ಮೊದಲೇ ಇದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416 ಇದೆ. ವ್ಯಸನಮುಕ್ತಿಗೆಂದೇ ಕೇಂದ್ರದ 14446 ಇದೆ. ಈ ಸಂಖ್ಯೆಗಳನ್ನು ಎಂಎಸ್‌ಐಎಲ್ ಮಳಿಗೆಯ ಫಲಕದ ಮೇಲೆ, ದರಪಟ್ಟಿಯಷ್ಟೇ ದೊಡ್ಡ ಅಕ್ಷರದಲ್ಲಿ ಬರೆಸಲು ಯಾವ ಶಾಸನವೂ ಬೇಕಿಲ್ಲ, ಅಂಗಡಿ ಸರ್ಕಾರದ್ದೇ. ಸೀಸೆಯ ಮೇಲೆ ಮದ್ಯಪಾನ ಆರೋಗ್ಯಕ್ಕೆ ಹಾನಿಕರ ಎಂದು ಬರೆಯಲೇಬೇಕು. ಹಾನಿಯಾದವನು ಎಲ್ಲಿಗೆ ಕರೆ ಮಾಡಬೇಕೆಂಬುದು ಆ ಎಚ್ಚರಿಕೆಯಲ್ಲಿ ಇಲ್ಲ.

ಮದ್ಯದ ಕಾರಣದಿಂದ ದಾಖಲಾದ ಪ್ರತಿ ರೋಗಿಯ ಬಿಡುಗಡೆ ಚೀಟಿಯಲ್ಲಿ, ಸರ್ಕಾರಿ ಆಸ್ಪತ್ರೆಯಿರಲಿ, ಖಾಸಗಿಯದಿರಲಿ, ಅವನ ಮನೆಗೆ ಹತ್ತಿರದ ಸಭೆಯ ಸ್ಥಳ, ವಾರ, ವೇಳೆ ಇರಬೇಕು. ಆಸ್ಪತ್ರೆಯ ಸಮಾಜ ಕಾರ್ಯಕರ್ತರು ತಿಂಗಳಿಗೊಮ್ಮೆ ಕರೆ ಮಾಡಿ ವಿಳಾಸ ಸರಿಯಿದೆಯೇ ಎಂದು ನೋಡಿಕೊಂಡರೆ ಬೀಗ ಜಡಿದ ಬಾಗಿಲ ಮುಂದೆ ಯಾರೂ ನಿಲ್ಲಬೇಕಾಗುವುದಿಲ್ಲ. ಸಾಧ್ಯವಾದರೆ ಬಳಗದ ಒಬ್ಬರು ಬಿಡುಗಡೆಗೆ ಮುಂಚೆಯೇ ರೋಗಿಯನ್ನು ಕಾಣಲು ಅವಕಾಶವಿರಬೇಕು. ಅವರು ಬರುತ್ತಾರೆ. ಅದೂ ಉಚಿತವಾಗಿ.

ಕೊನೆಯದು ಕೊಠಡಿ. ನಾನು ಹೋದ ಗುಂಪಿಗೆ ಈಗಿನ ಜಾಗ ಮೂರನೆಯದಂತೆ. ಕುಡುಕರ ಸಭೆ ಎಂದ ಕೂಡಲೇ ಕಟ್ಟಡದವರು ಹಿಂಜರಿಯುತ್ತಾರೆ, ವಾಸ್ತವವಾಗಿ ಆ ಬೀದಿಯಲ್ಲಿ ಆ ಹೊತ್ತಿಗೆ ಕುಡಿಯದಿರುವುದು ಗ್ಯಾರಂಟಿಯಾದ ಗುಂಪು ಅದೊಂದೇ ಆಗಿದ್ದರೂ. 2025ರ ಸೆಪ್ಟೆಂಬರ್‌ನಿಂದ ಬೆಂಗಳೂರಿಗೆ ಐದು ನಗರ ಪಾಲಿಕೆಗಳು. ಅವುಗಳ ಕೈಯಲ್ಲಿ ಶಾಲೆಗಳಿವೆ, ವಾರ್ಡ್ ಕಚೇರಿಗಳಿವೆ, ಸಂಜೆ ಆರರ ನಂತರ ಖಾಲಿ ಬೀಳುವ ಸಭಾಂಗಣಗಳಿವೆ. ವಾರಕ್ಕೆ ಎರಡು ಸಂಜೆ, ಒಂದೂವರೆ ಗಂಟೆ, ಒಂದು ದೀಪ, ಒಂದು ಫ್ಯಾನು, ಕಾಂಪೌಂಡಿನ ಮೇಲೆ ಕನ್ನಡದಲ್ಲಿ ಬರೆದ ಒಂದು ಚಿಕ್ಕ ಫಲಕ ಸಾಕು. ಬಾಡಿಗೆಯನ್ನು ಬಳಗದವರು ಜೋಳಿಗೆಯ ಹಣದಿಂದಲೇ ಕಟ್ಟುತ್ತಾರೆ. ಬಿಟ್ಟಿಯಾಗಿ ಕೊಡುತ್ತೇವೆಂದರೂ ಅವರು ಒಪ್ಪುವುದಿಲ್ಲ.